ಒಂದು ಸಲ ತಿರುಗಿ ಕಳಿಸುವ ಹಕ್ಕು

ಹೋದ ಸೋಮವಾರ ಟ್ರಂಕಿನ ತಳದಿಂದ ಆ ತಗಡಿನ ಡಬ್ಬಿ ತೆಗೆದೆ. ಮುಚ್ಚಳ ಬಿಚ್ಚಿದ ಕೂಡಲೇ ಶಿಕ್ಕಾದ ಮಸಿಯ ವಾಸನೆ ಮೂಗಿಗೆ ಹೊಡೆಯಿತು. ಜಂಗು ಹಿಡಿದ ತಗಡು, ಒಣಗಿದ ನೇರಳೆ ಮಸಿ, ಅದರ ಜೊತೆ ಒಂದಿಷ್ಟು ಅರಗು... ಬಾಜೂ ಮನೆಯ ಕಾಕಾನ ಅಂಗಿಯ ಕಿಸೆಯಿಂದ ಬರುತ್ತಿದ್ದದ್ದು ಇದೇ ವಾಸನೆ. ಅವರು ತೀರಿಕೊಂಡು ಹನ್ನೊಂದು ಮಳೆಗಾಲ ಕಳೆದವು. ವಾಸನೆ ಮಾತ್ರ ಡಬ್ಬಿ ಬಿಟ್ಟು ಹೋಗಿಲ್ಲ.

ಡಬ್ಬಿಯಲ್ಲಿರುವುದು ನಮ್ಮ ಸಂಘದ ಶಿಕ್ಕಾ, ಕಟ್ಟಿಗೆಯ ಹಿಡಿಯ ಮೊಹರು. ದುರ್ಗದಬೈಲಿನ ಒಂದು ಓಣಿಯಲ್ಲಿ ಗೋಣಿತಟ್ಟು ಹಾಸಿಕೊಂಡು ಮೆಂತ್ಯೆ, ಪಾಲಕ, ರಾಜಗಿರಿ, ಪುಂಡಿ ಪಲ್ಲೆ ಮಾರುವ ಹೆಂಗಸರ ಸಂಘ ಅದು. ದೊಡ್ಡ ಸಂಘವೇನಲ್ಲ. ಸಾಲಿನಲ್ಲಿ ಕೂಡುವವಳ ಕೈಯಲ್ಲಿ ಶಿಕ್ಕಾ ಬಿದ್ದ ಒಂದು ಚೀಟಿ ಇರಬೇಕು. ಚೀಟಿ ಇದ್ದವಳಿಗೆ ಜಾಗ, ಇಲ್ಲದವಳಿಗೆ ಇಲ್ಲ. ಹೊರಗಿನವರಿಗೆ ಇದು ಸಣ್ಣ ಮಾತು. ಬುಟ್ಟಿ ಹೊತ್ತು ದಿನವಿಡೀ ಓಣಿ ಓಣಿ ತಿರುಗಿದವಳಿಗೆ ಮೂರು ಮೊಳ ನೆರಳು ಎಂದರೆ ಏನೆಂದು ಗೊತ್ತಿರುತ್ತದೆ.

ಆ ಸಂಘಕ್ಕೆ ನಾನು ಅಧ್ಯಕ್ಷೆಯಾಗಿದ್ದೆ. ಓದು ಬರಹ ಇರಲಿಲ್ಲ, ಹೆಬ್ಬೆಟ್ಟು ಒತ್ತುತ್ತಿದ್ದೆ. ಮತ್ತೆ ಯಾಕೆ ಆರಿಸಿದರು ಎಂದರೆ, ಒಂದು ದಿನ ಕೈಗಾಡಿಯವನೊಬ್ಬ ನಮ್ಮ ಸಾಲಿನ ಮೇಲೇ ಗಾಡಿ ಹಾಯಿಸಿದ. ನಾನು ಎದ್ದು ನಿಂತು ಕೂಗಿದ ಕೂಗಿಗೆ ಅವನು ಗಾಡಿ ಬಿಟ್ಟು ಓಡಿದ. ಮರುದಿನ ನಾನು ಅಧ್ಯಕ್ಷೆ. ಕಾಕಾ ಆಗಲೇ ಅಂದಿದ್ದರು, “ದನಿ ನೋಡಿ ಆರಿಸ್ಯಾರ ತಂಗಿ, ತಲಿ ನೋಡಿ ಅಲ್ಲ. ನೆಪ್ಪಿರಲಿ.” ನನಗೆ ನೆನಪಿರಲಿಲ್ಲ.

ಕಾಕಾ ಕೋರ್ಟಿನಲ್ಲಿ ಬೇಲೀಫ್ ಆಗಿ ನಿವೃತ್ತರಾದವರು. ನ್ಯಾಯಾಧೀಶರ ಹುಕುಂ ಹಿಡಿದುಕೊಂಡು ಮಂದಿಯ ಬಾಗಿಲಿಗೆ ಹೋಗುವುದು, ಜಪ್ತಿ ಎಂದರೆ ಮಂಚ ಪಾತ್ರೆ ಹೊರಗೆ ತೆಗೆಸುವುದು, ಬಾಗಿಲಿಗೆ ಬೀಗ ಹಾಕಿ ಅರಗು ಒತ್ತುವುದು. ಆ ಕೆಲಸದಲ್ಲೇ ಅವರ ಕೂದಲು ಬೆಳ್ಳಗಾಗಿತ್ತು. ನಮ್ಮಿಬ್ಬರ ಮನೆಗೆ ನಡುವೆ ಒಂದೇ ಗೋಡೆ. ಛಲೋ ಮನುಷ್ಯ ಎಂದು ಸುಮ್ಮನೆ ಹೊಗಳುವುದಿಲ್ಲ. ನಾನು ಸಾರಿಸಿದ ಅಂಗಳದ ಮೇಲೇ ಚಪ್ಪಲಿ ಹಾಕಿಕೊಂಡು ನಡೆಯುತ್ತಿದ್ದರು, ಬೈದರೆ ಕಿವಿ ಕೇಳದವರಂತೆ ಮಾಡುತ್ತಿದ್ದರು. ಚಹಾದಲ್ಲಿ ಸಕ್ಕರೆ ಕಡಿಮೆಯಾದರೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅರ್ಧ ಕಪ್ಪು ಉಳಿಸಿ ಹೋಗುತ್ತಿದ್ದರು. ಆದರೆ ಅಕ್ಷರ ದುಂಡಗೆ ಬರೆಯುತ್ತಿದ್ದರು. ಬೆಳಿಗ್ಗೆ ಬಜಾರಕ್ಕೆ ಬಂದು ಟೇಲರನ ಅಂಗಡಿಯ ಕಟ್ಟೆಯ ಮೇಲೆ ಕುಳಿತು ನಮ್ಮ ಅರ್ಜಿ, ನಮ್ಮ ಚೀಟಿ ಎಲ್ಲ ಬರೆದುಕೊಡುತ್ತಿದ್ದರು. ಶಿಕ್ಕಾ ಇರುತ್ತಿದ್ದದ್ದೂ ಅವರ ಕಿಸೆಯಲ್ಲೇ.

ಆ ವರ್ಷ ನಾನು ಒಂದು ಕಾಯ್ದೆ ಮಾಡಿದ್ದೆ. ಹಳೆಯ ತಪ್ಪಲವನ್ನು, ಬಾಡಿದ ಸೊಪ್ಪನ್ನು, ಹೊಸದರೊಳಗೆ ಮುಚ್ಚಿ ಮಾರಿದವಳ ಜಾಗ ಹೋಯಿತು, ಅವಳು ಮತ್ತೆ ಸಾಲಿಗೆ ಬರುವ ಹಾಗಿಲ್ಲ. ಯಾರನ್ನೂ ಕೇಳಲಿಲ್ಲ. ಒಂದು ಮುಂಜಾನೆ ಎದ್ದು ನಿಂತು ಹೇಳಿದೆ, ಎಲ್ಲರೂ ಹೂಂ ಅಂದರು. ನನ್ನ ದನಿಗೆ ಹೂಂ ಅಂದರೋ ಮಾತಿಗೆ ಅಂದರೋ, ಆಗ ನಾನು ವಿಚಾರ ಮಾಡಲಿಲ್ಲ.

ತಿಂಗಳು ಕಳೆದಿರಬೇಕು. ಕೇಶ್ವಾಪುರದಲ್ಲಿ ಖಾನಾವಳಿ ನಡೆಸುವ ಬಾಯಿಯೊಬ್ಬಳು ನಡುಸಾಲಿನಲ್ಲಿ ಬಂದು ನಿಂತು ಒಂದು ಮೆಂತ್ಯೆ ಸಿವುಡನ್ನು ನನ್ನ ಮುಂದೆ ಒಗೆದಳು. ಮೇಲೆ ಹಸಿರು, ಒಳಗೆ ಪೂರ್ತಿ ಕೊಳೆತು ಹಳದಿ. ಅವಳ ಆಳು ಬೆಳಗ್ಗೆ ಬಂದು ಒಬ್ಬೊಬ್ಬರ ಬುಟ್ಟಿಯಿಂದ ನಾಲ್ಕು, ಐದು ಹೀಗೆ ಒಂದು ಚೀಲ ತುಂಬಿಸಿಕೊಂಡು ಹೋಗುತ್ತಿದ್ದಳು. ಹಾಗಾಗಿ ಯಾವ ಬುಟ್ಟಿಯದು ಎಂದು ಆಳಿಗೂ ಗೊತ್ತಿಲ್ಲ, ಬಾಯಿಗೂ ಗೊತ್ತಿಲ್ಲ. ಆದರೆ ಸಿವುಡಿಗೆ ಕೆಂಪು ಅರಿವೆಯ ಕಟ್ಟು ಇತ್ತು.

ನಮ್ಮಲ್ಲಿ ಕಟ್ಟು ನೋಡಿದರೆ ಸಾಕು, ಯಾರ ಸಿವುಡು ಎಂದು ತಿಳಿಯುತ್ತದೆ. ಒಬ್ಬಳದು ಬಾಳೆಯ ನಾರು, ಒಬ್ಬಳದು ಸೆಣಬು, ನನ್ನದು ಚೀಲ ಹೊಲಿಯುವ ಬಿಳಿ ದಾರ. ಹಳೆಯ ಸೀರೆಯ ಕೆಂಪು ದಡಿ ಹರಿದು ಕಟ್ಟುತ್ತಿದ್ದವಳು ಒಬ್ಬಳೇ. ನನ್ನ ಬಲಗಡೆ ಕೂಡುತ್ತಿದ್ದ ಮೆಂತ್ಯೆದವಳು. ಅವಳ ಗಂಡ ಅಮರಗೋಳದ ಮಾರುಕಟ್ಟೆಯಲ್ಲಿ ಚೀಲ ಹೊರುತ್ತಿದ್ದವನು, ಸೊಂಟ ಹೋಗಿ ಮನೆಯಲ್ಲಿ ಮಲಗಿದ್ದ. ಅವಳ ಒಂದು ಬುಟ್ಟಿಯ ಮೇಲೆ ಐದು ಬಾಯಿ.

ನಾನು ಎದ್ದು ನಿಂತು, “ಬುಟ್ಟಿ ಎತ್ತು. ಇವತ್ತಿಂದ ನಿನ್ನ ಜಾಗ ಇಲ್ಲ” ಎಂದೆ. ಅವಳು ನನ್ನ ಮುಖ ನೋಡಿದಳು. ಬುಟ್ಟಿ ಎತ್ತಿದಳು.

ನಾನು ನೆಟ್ಟಗೆ ಟೇಲರನ ಕಟ್ಟೆಗೆ ಹೋದೆ. ಹಿಂದೆ ಅರ್ಧ ಸಾಲು ಬಂತು, ತಮಾಷೆ ನೋಡಲು.

“ಕಾಕಾ, ಬರೀರಿ. ಮೆಂತ್ಯೆದಾಕಿ ಹೆಸರು ತಗದು ಹಾಕ್ರಿ. ಶಿಕ್ಕಾ ಒತ್ರಿ.”

ಕಾಕಾ ಕನ್ನಡಕ ತೆಗೆದು ಒರೆಸಿದರು. ಅಂದರೆ ಕೆಲಸ ಕೆಟ್ಟಿತು ಎಂದು ಲೆಕ್ಕ.

“ಹಳೇ ತಪ್ಪಲ ಮಾರಬಾರದು ಅಂತ ಕಾಯ್ದೆ ಮಾಡಿದಾಕಿ ಯಾರು?”

“ನಾನ.”

“ಈಕೀನ ಹಿಡದಾಕಿ?”

“ನಾನ.”

“ತಪ್ಪು ಈಕೀದ ಅಂತ ತೀರ್ಪು ಕೊಟ್ಟಾಕಿ?”

“ಅದೂ ನಾನ! ಅಧ್ಯಕ್ಷಿ ಅಲ್ಲೇನ್ರಿ ನಾನು?”

“ಹಂಗಾದ್ರ ಶಿಕ್ಕಾನೂ ನೀನ ಒತ್ಕೋ. ನಾವೆಲ್ಲಾ ಮನೀಗೆ ಹೋಗ್ತೇವಿ.”

ಹಿಂದೆ ಯಾರೋ ಕಿಸಕ್ಕೆಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಕಾಕಾ ನಗಲಿಲ್ಲ. ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಹೇಳಿದರು.

“ದಿಲ್ಲ್ಯಾಗ ಒಬ್ರು ರಾಷ್ಟ್ರಪತಿ ಅಂತ ಇರ್ತಾರ, ಕೇಳಿಯಿಲ್ಲೋ? ಎಣಿಸಾಕ ಬರದಷ್ಟು ಖೋಲಿ ಇರೂ ಮನಿ, ಮುಂದ ಕುದರಿ ಸವಾರರು, ಇಡೀ ದಂಡು ಅವ್ರ ಹೆಸರಿಗೆ. ಅಂಥಾವ್ರಿಗೂ ಒಬ್ಬಾಕಿ ಬುಟ್ಟಿ ಎತ್ತಸಾಕ ಬರಂಗಿಲ್ಲ. ಕಾಯ್ದೆ ಮಾಡಾವ್ರು ಬ್ಯಾರೆ ಅದಾರ. ತಪ್ಪೋ ಸರಿಯೋ ಹೇಳಾವ್ರು ಬ್ಯಾರೆ ಅದಾರ. ಕಾಯ್ದೆ ಕಾಗದ ಸಹಿಗೆ ಬಂತಂದ್ರ, ಮನಸಿಗೆ ಬರಲಿಲ್ಲಂದ್ರ, ‘ಇನ್ನೊಮ್ಮೆ ನೋಡ್ರೆಪಾ’ ಅಂತ ಒಂದು ಸಲ ತಿರುಗಿ ಕಳಸಬಹುದು. ಅವ್ರು ಮತ್ತ ಅದನ್ನ ಕಳಿಸಿದ್ರು ಅಂದ್ರ ಸಹಿ ಮಾಡಾಕ ಬೇಕು. ನೀ ಅವ್ರಕಿಂತ ದೊಡ್ಡಾಕಿ ಆದೇನ?”

“ಅಂಥ ಅಧ್ಯಕ್ಷರು ಇದ್ದರೇನು, ಬಿಟ್ಟರೇನು? ಬರೇ ಸಹಿ ಮಾಡೂದ ಕೆಲಸ?”

“ಆ ಒಂದು ಸಲ ಐತೆಲ್ಲ, ಅದರಾಗ ಮಂದೀದು ಸಿಟ್ಟು ಇಳೀತೈತಿ. ಅಷ್ಟ ಸಾಕು.” ನನ್ನ ಕೈಯಲ್ಲಿದ್ದ ಖಾಲಿ ಕಾಗದವನ್ನು ತೆಗೆದುಕೊಂಡು, ಮಡಚಿ, ಮತ್ತೆ ನನ್ನ ಕೈಗೇ ಇಟ್ಟರು. “ಇದನ್ನ ನಾ ಒಂದು ಸಲ ತಿರುಗಿ ಕಳಸಾಕತ್ತೇನಿ. ನೀನಲ್ಲದ ಮೂರು ಮಂದಿ ಕುಂತು ಕೇಳ್ಲಿ. ಅವ್ರೂ ಇದನ್ನ ಹೇಳಿದ್ರು ಅಂದ್ರ ಶಿಕ್ಕಾ ಒತ್ತತೇನಿ, ನನಗ ಮನಸಿರಲಿ ಬಿಡಲಿ. ಎರಡನೇ ಸಲ ತಡದೆ ಅಂದ್ರ ನಾನೂ ನಿನ್ನಂಗ ಆದೆ.”

ಅಂದು ಮನೆಗೆ ಬಂದು ಅವರ ಕಡೆಯ ಕಿಡಕಿ ಹಾಕಿಕೊಂಡೆ. ಎರಡು ದಿನ ಮಾತಾಡಲಿಲ್ಲ. ಎರಡನೆಯ ದಿನ ಸಂಜೆ ಗೋಡೆಯ ಆಚೆಯಿಂದ ಅವರೇ ಮಾತು ತೆಗೆದರು. ಯಾರಿಗೆ ಹೇಳುತ್ತಿದ್ದರೋ, ನನಗೋ ತಮಗೋ... “ಎಷ್ಟು ಮನಿ ಪಾತ್ರಿ ಹೊರಗ ತಗಸೇನಿ. ಕೂಸು ಮಲಗಿದ್ದ ತೊಟ್ಟಲಾನೂ ತಗಸೇನಿ. ಆದ್ರ ಒಂದೂ ಸಲ ನಾ ಠರಾವು ಮಾಡಿಲ್ಲ. ಠರಾವು ಮಾಡಿದ ಸಾಹೇಬರು ಆ ಮನಿ ನೋಡಿಲ್ಲ. ಕಾಯ್ದೆ ಬರದಾವ್ರು ನಮ್ಮಿಬ್ಬರನ್ನೂ ನೋಡಿಲ್ಲ. ಮೂರೂ ಮಂದಿ ಒಬ್ಬಾವನ ಆಗಿದ್ದಿದ್ರ, ನನಗ ಬೈದಾವ್ರ ಮನೀನ ಮೊದಲ ಖಾಲಿ ಮಾಡಸ್ತಿದ್ದೆ. ಖರೇ ಹೇಳ್ತೇನಿ, ಮಾಡಸ್ತಿದ್ದೆ.” ಆಮೇಲೆ ಕೆಮ್ಮು. ನಾನು ಎದ್ದು ಕಿಡಕಿ ತೆಗೆದೆ.

ಮೂರನೆಯ ದಿನ ಮಧ್ಯಾಹ್ನ, ಗಿರಾಕಿ ತೆಳುವಾದ ಮೇಲೆ, ತಾಡಪತ್ರಿಯ ಕೆಳಗೆ ಎಲ್ಲರೂ ಕುಳಿತರು. ಕೇಳಲು ಆರಿಸಿದ್ದು ಮೂವರನ್ನು. ಎಲ್ಲರಿಗಿಂತ ಹಿರಿಯಳಾದ ಕೊತ್ತಂಬರಿ ಅಜ್ಜಿ, ಸವತಿಕಾಯಿಯವಳು, ಮತ್ತೆ ನನ್ನನ್ನು ಕಂಡರಾಗದ ಪುಂಡಿ ಪಲ್ಲೆಯವಳು. ನಾನು ಯಾವತ್ತೂ ಕೂಡುತ್ತಿದ್ದ ಮರದ ಪೆಟ್ಟಿಗೆಯ ಮೇಲೆ ಕೂಡಲು ಹೋದೆ. ಪುಂಡಿಯವಳು, “ಇವತ್ತು ಅಲ್ಲಿ ಅಜ್ಜಿ ಕೂಡ್ತಾಳ್ರಿ. ನೀವು ಫಿರ್ಯಾದಿ, ಕೆಳಗ ಬರ್ರಿ” ಎಂದಳು. ಆ ಮಾತು ಎಲ್ಲಿ ಕಲಿತಿದ್ದಳೋ. ಕೆಳಗೆ ಕುಳಿತೆ. ಮೆಂತ್ಯೆದವಳು ನನ್ನ ಎದುರಿಗೇ, ಬುಟ್ಟಿ ಇಲ್ಲದೆ, ಬರಿಗೈಯಲ್ಲಿ ಕುಳಿತಿದ್ದಳು. ಎರಡು ದಿನದಲ್ಲಿ ಅವಳ ಮುಖ ಒಣಗಿತ್ತು. ಓಣಿ ಓಣಿ ತಿರುಗಿ ಮಾರಿದ್ದಳಂತೆ, ಅರ್ಧವೂ ಹೋಗಿರಲಿಲ್ಲ. ಕಾಕಾ ದೂರ ಕಟ್ಟೆಯ ಮೇಲೆಯೇ ಇದ್ದರು. ಕರೆದರೆ, “ನಂದು ಬರೆಯೂ ಕೆಲಸ ಅಷ್ಟ” ಅಂದರು.

ಕೊತ್ತಂಬರಿ ಅಜ್ಜಿಗೆ ಕಿವಿ ಮಂದ. ಎಲ್ಲ ಮಾತನ್ನೂ ಎರಡು ಸಲ ಹೇಳಬೇಕು. ಎರಡು ಸಲ ಹೇಳುವಾಗ ಸಿಟ್ಟಿನ ಮಾತು ಸಿಟ್ಟಾಗಿ ಉಳಿಯುವುದಿಲ್ಲ ಎಂದು ನನಗೆ ಅವತ್ತು ತಿಳಿಯಿತು. ಖಾನಾವಳಿ ಬಾಯಿ ಬಂದು ಕೆಂಪು ಕಟ್ಟು ತೋರಿಸಿದಳು. ಅಜ್ಜಿ ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

“ಕಟ್ಟು ಆಕೀದು. ಖರೇ. ಆದ್ರ ಆಕಿ ಬುಟ್ಟ್ಯಾಗಿಂದ ಬಂತು ಅಂತ ನೋಡಿದವ್ರು ಯಾರು?”

ಯಾರೂ ಇಲ್ಲ. ನಾನೂ ಇಲ್ಲ.

“ಅದರ ಹಿಂದಿನ ದಿನ ಯಾರ್ಯಾರು ಆಕಿ ಕಡಿಂದ ಕೈಬದಲು ತಗೊಂಡಿದ್ರಿ?”

ಈ ಕೈಬದಲು ಎಂಬುದು ನಮ್ಮ ಸಾಲಿನ ರೂಢಿ. ಗಿರಾಕಿ ನಿಂತಿದ್ದಾಗ ನಮ್ಮ ಬುಟ್ಟಿಯಲ್ಲಿ ಮಾಲು ಮುಗಿದಿದ್ದರೆ ಬಾಜೂದವಳ ಬುಟ್ಟಿಯಿಂದ ಎರಡು ಸಿವುಡು ತೆಗೆದುಕೊಡುತ್ತೇವೆ. ಮರುದಿನ ತಿರುಗಿ ಇಡುತ್ತೇವೆ. ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಸವತಿಕಾಯಿಯವಳು ಸಾಲಿನ ಈ ತುದಿಯಿಂದ ಕೇಳುತ್ತಾ ಬಂದಳು. ಒಬ್ಬಳು, ಎರಡು ಸಿವುಡು ತೆಗೆದುಕೊಂಡಿದ್ದೆ, ಆಗಲೇ ಮಾರಿದೆ ಎಂದಳು. ಉಳಿದವರು ಇಲ್ಲ ಎಂದರು. ಕೊನೆಗೆ ನನ್ನ ಪಾಳಿ.

ನನ್ನ ಬಾಯಲ್ಲಿ ‘ಇಲ್ಲ’ ತಯಾರಾಗಿತ್ತು. ಅದನ್ನು ಹೇಳಬೇಕೆಂದಾಗಲೇ ನೆನಪಿಗೆ ಬಂತು. ಸ್ಕೂಟರಿನ ಮೇಲೆ ಬಂದ ಒಬ್ಬ ಮೇಷ್ಟ್ರು ನಾಲ್ಕು ಮೆಂತ್ಯೆ ಬೇಕು, ಕಟ್ಟಿಡಿ, ಬಂದೆ ಎಂದು ಹೋದವರು ತಿರುಗಿ ಬರಲೇ ಇಲ್ಲ. ಆ ನಾಲ್ಕು ಸಿವುಡು ಮೆಂತ್ಯೆದವಳ ಬುಟ್ಟಿಯಿಂದ ನಾನೇ ಎತ್ತಿದ್ದು. ಸಂಜೆ ತಿರುಗಿ ಇಡುವುದು ಮರೆತು, ಹಸಿ ಗೋಣಿಯ ಕೆಳಗೆ ಉಳಿದಿದ್ದವು. ಮೆಂತ್ಯೆ ಹಸಿಯಲ್ಲಿ ಇಟ್ಟರೆ ಒಳಗಿನಿಂದ ಕೊಳೆಯುತ್ತದೆ, ಇದನ್ನು ಬೇರೆಯವರಿಗೆ ಹೇಳಿಕೊಡುತ್ತಿದ್ದವಳು ನಾನು. ಮುಂಜಾನೆ ಆಳು ಬಂದಾಗ ಗಡಿಬಿಡಿಯಲ್ಲಿ ಕೈ ಹಾಕಿ, ಕಟ್ಟು ಸಹ ನೋಡದೆ ಅವಳ ಚೀಲಕ್ಕೆ ತುಂಬಿದ್ದೆ...

ನೋಡಿದವರು ಯಾರೂ ಇರಲಿಲ್ಲ. ಇಲ್ಲ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಕಟ್ಟೆಯ ಕಡೆ ನೋಡಿದೆ. ಕಾಕಾ ನನ್ನ ಕಡೆ ನೋಡುತ್ತಿರಲಿಲ್ಲ, ಅಡಿಕೆ ಕತ್ತರಿಸುತ್ತಿದ್ದರು. ಅವರು ನೋಡಿದ್ದರೆ ಹಟಕ್ಕೆ ಬಿದ್ದು ಸುಳ್ಳು ಹೇಳುತ್ತಿದ್ದೆನೋ ಏನೋ.

“ಅದು ನನ್ನ ಬುಟ್ಟೀದು. ಆಕೀದಲ್ಲ” ಎಂದೆ.

ಅಜ್ಜಿಗೆ ಕೇಳಿಸಲಿಲ್ಲ. ಎರಡನೆಯ ಸಲ, ಇಡೀ ಓಣಿಗೆ ಕೇಳುವ ಹಾಗೆ ಹೇಳಬೇಕಾಯಿತು.

ಆಗ ಮೆಂತ್ಯೆದವಳು ಮೊದಲ ಸಲ ಬಾಯಿಬಿಟ್ಟಳು. “ನನಗ ಗೊತ್ತಿತ್ತು ಅಕ್ಕಾ. ನಾಲ್ಕು ಸಿವುಡು ನೀವು ಎತ್ತಿದ್ದು ನೋಡಿದ್ದೆ.”

“ಮತ್ತ ಅವತ್ತ ಯಾಕ ಹೇಳಲಿಲ್ಲಬೇ?” ಎಂದೆ.

“ಯಾರ ಮುಂದ ಹೇಳಬೇಕಿತ್ರಿ? ನಿಮ್ಮ ಮುಂದ?”

ಜನ್ಮದಲ್ಲಿ ನನಗೆ ಬಹಳ ಮಂದಿ ಬಹಳ ಬೈದಿದ್ದಾರೆ. ಇಷ್ಟು ಯಾವುದೂ ನಾಟಿಲ್ಲ. ಅವಳು ಬೈದಿರಲೂ ಇಲ್ಲ.

ನನ್ನ ಕಾಯ್ದೆಯ ಪ್ರಕಾರ ನನ್ನ ಜಾಗ ಹೋಗಬೇಕಿತ್ತು. ಪುಂಡಿಯವಳು ಅದನ್ನೇ ಹೇಳಿದಳು, ಹೇಳಲೇಬೇಕಾದ ಮಾತು. ಅಜ್ಜಿ ಮತ್ತು ಸವತಿಕಾಯಿಯವಳು ಒಪ್ಪಲಿಲ್ಲ. ಇದು ಮರೆವು, ಮೋಸ ಅಲ್ಲ ಎಂದರು. ಎಂಟು ದಿನ ಸಾಲಿಗೆ ಬರಬಾರದು, ಆ ಎಂಟು ದಿನ ನನ್ನ ಮೂಲೆಯ ಜಾಗದಲ್ಲಿ ಮೆಂತ್ಯೆದವಳು ಕೂಡಬೇಕು ಎಂದು ಠರಾಯಿಸಿದರು. ಕಾಕಾ ಬರೆದರು. ನಾನು ಹೆಬ್ಬೆಟ್ಟು ಒತ್ತಿದೆ. ಅವರು ಮಸಿಗೆ ಎರಡು ಹನಿ ನೀರು ಬಿಟ್ಟು ಶಿಕ್ಕಾ ಒತ್ತಿದರು.

“ಇದನ್ನ ತಿರುಗಿ ಕಳಸಂಗಿಲ್ಲೇನ್ರಿ ಕಾಕಾ?” ಎಂದೆ.

“ಕಳಸಾಕ ಕಾರಣ ಕಾಣವಲ್ದು ತಂಗಿ” ಎಂದರು. ಅವತ್ತು ಎಲ್ಲರ ಜೊತೆ ನಾನೂ ನಕ್ಕೆ.

ಆ ಎಂಟು ದಿನ ಮನೆಯಲ್ಲಿ ಕುಳಿತಿದ್ದಾಗ ಅವರು ಮಧ್ಯಾಹ್ನ ಪಾಟಿ, ಬಳಪ ಹಿಡಿದುಕೊಂಡು ಬರುತ್ತಿದ್ದರು. ಹೆಬ್ಬೆಟ್ಟು ಒತ್ತುವ ಮುಂಚೆ ಮೇಲೇನು ಬರೆದಿದೆ ಎಂದಾದರೂ ಓದಬೇಕು ಎಂಬುದು ಅವರ ಹಟ. ಅ ಆ ಇ ಈ ಶುರುವಾಗಿದ್ದು ಹಾಗೆ. ಎಂಟು ದಿನಕ್ಕೆ ಮುಗಿಯುವ ಕೆಲಸವೇ ಅದು? ವರ್ಷಗಟ್ಟಲೆ ಹತ್ತಿತು. ನಾನು ಗಟ್ಟಿಯಾಗಿ ಓದುವಾಗ ತಪ್ಪಿದರೆ ಗೋಡೆಯ ಆಚೆಯಿಂದ ಒಂದು ಕೆಮ್ಮು ಬರುತ್ತಿತ್ತು. ಒತ್ತಕ್ಷರ ಇವತ್ತಿಗೂ ತಪ್ಪುತ್ತವೆ, ಇದನ್ನು ಓದಿ ತಿದ್ದುವವರು ತಿದ್ದಿಕೊಳ್ಳಲಿ. ನನಗೆ ಓದಲು ಬಾರದ ಆ ದಿನಗಳಲ್ಲಿ ಶಿಕ್ಕಾ ತಲೆಕೆಳಗಾಗಿ ಬೀಳಬಾರದೆಂದು ಅದರ ಕಟ್ಟಿಗೆಯ ಹಿಡಿಗೆ ಚಾಕುವಿನಿಂದ ಒಂದು ಕಚ್ಚು ಹಾಕಿದ್ದರು. ಹೆಬ್ಬೆರಳು ಅಲ್ಲಿ ಕೂತರೆ ಅಕ್ಷರ ನೆಟ್ಟಗೆ ಬಿದ್ದಂತೆ.

ಅಂದಿನಿಂದ ನಮ್ಮ ರೂಢಿ ಬದಲಾಯಿತು. ಕಾಯ್ದೆ ಮಾಡುವುದು ಎಲ್ಲರೂ ಕುಳಿತು. ನಡೆಸುವವಳು ಅಧ್ಯಕ್ಷೆ. ತಕರಾರು ಬಂದರೆ ಕೇಳುವವರು ಮೂವರು, ವರ್ಷಕ್ಕೊಮ್ಮೆ ಬದಲಾಗುವವರು. ಶಿಕ್ಕಾ ಮಾತ್ರ ಇವರು ಯಾರ ಕೈಯಲ್ಲೂ ಇರಬಾರದು. ನಾನು ಅಧ್ಯಕ್ಷೆಯ ಕೆಲಸ ಬಿಟ್ಟ ದಿನ ಕಾಕಾ ಈ ಡಬ್ಬಿಯನ್ನು ನನ್ನ ಕೈಗಿಟ್ಟರು. “ಈಗ ನೀ ಯಾರೂ ಅಲ್ಲ. ಇಟ್ಕೊಳ್ಳಾಕ ಅಡ್ಡಿಯಿಲ್ಲ” ಅಂದರು. ಹೊಗಳಿದ್ದೆಂದರೆ ಅದೊಂದೇ.

ಅವರನ್ನು ಒಯ್ಯುವಾಗ ನಾನು ಓಣಿಯ ತಿರುವಿನ ತನಕ ಹೋಗಿ ನಿಂತಿದ್ದೆ. ಅದರಾಚೆ ಗಂಡಸರು ಹೋದರು. ಅಳಲಿಲ್ಲ. ಮನೆಗೆ ಬಂದು ಅಂಗಳ ಸಾರಿಸಿದೆ. ಸಂಜೆಯತನಕ ಅದರ ಮೇಲೆ ಒಂದೂ ಚಪ್ಪಲಿ ಗುರುತು ಬೀಳಲಿಲ್ಲ...

ಹೋದ ಸೋಮವಾರ ಈಗಿನ ಅಧ್ಯಕ್ಷೆ ಮನೆಗೆ ಬಂದಿದ್ದಳು. ಕಾಲೇಜು ಕಂಡ ಹುಡುಗಿ, ಚುರುಕು, ಕೆಲಸಗಾತಿ. ಕೆಟ್ಟವಳಲ್ಲ. ನಾನೂ ಕೆಟ್ಟವಳಾಗಿರಲಿಲ್ಲ. ಟೈಪು ಮಾಡಿಸಿದ ಒಂದು ಕಾಗದ ತಂದಿದ್ದಳು. ನಿಂಬೆಹಣ್ಣು ಮಾರುವ ಹುಡುಗಿಯೊಬ್ಬಳು ಮೊಬೈಲಿನ ಗುಂಪಿನಲ್ಲಿ ಅಧ್ಯಕ್ಷೆಯ ಮೇಲೆ ಏನೋ ಹಗುರಾಗಿ ಹಾಕಿದ್ದಾಳೆ, ಅವಳ ಚೀಟಿ ರದ್ದು. ಮೂವರು ಕೇಳುವ ಪದ್ಧತಿ ಬಂದ್. ಶಿಕ್ಕಾ ಇನ್ನು ಅಧ್ಯಕ್ಷೆಯ ಕಡೆ.

“ಮೂರು ಮಂದಿ ಕೂಡಸೂದು, ಕೇಳೂದು, ಭಾಳ ಹೊತ್ತು ಹಿಡಿತೈತ್ರಿ ಅಜ್ಜಿ. ಈಗೆಲ್ಲಾ ಲಗೂ ಆಗಬೇಕು. ನೀವು ಒಂದು ಶಿಕ್ಕಾ ಒತ್ತಿಬಿಡ್ರಿ.”

ನಾನು ಕಾಗದವನ್ನು ಎರಡು ಸಲ ಓದಿದೆ. ಬೆರಳಿಟ್ಟುಕೊಂಡು ಓದುತ್ತೇನೆ, ಹೊತ್ತು ಹಿಡಿಯಿತು. ಅವಳು ಮೊಬೈಲು ನೋಡುತ್ತಾ ಕುಳಿತಳು. ಓದಿ ಮುಗಿಸಿ ಕಾಗದ ಮಡಚಿ ಅವಳ ಕೈಗೆ ಕೊಟ್ಟೆ.

“ಒಂದು ಸಲ ತಿರುಗಿ ಕಳಸಾಕತ್ತೇನಿ” ಎಂದೆ.

“ಸಭಾದಾಗ ಎಲ್ಲಾರ ಕಡೆ ಸಹಿ ಮಾಡಿಸ್ಕೊಂಡು ಬಂದ್ರ?”

“ಬಂದ್ರ ಒತ್ತತೇನಿ. ಶಿಕ್ಕಾನೂ ಕೊಡತೇನಿ. ಆದ್ರ ಸಹಿ ಮಾಡೂ ಮುಂದ ಆ ಮಂದಿ ನನ್ನ ಮಾತು ಕೇಳಬೇಕು. ನನ್ನ ದನಿ ಇನ್ನೂ ಹೋಗಿಲ್ಲ. ನಿಂಬಿಹಣ್ಣಿನಾಕೀದೂ ಕೇಳಬೇಕು, ನೀ ಇಲ್ಲದ ಕಡೆ.”

ಅವಳು ಎದ್ದಳು. ಬಾಗಿಲಲ್ಲಿ ನಿಂತು, “ಇದನ್ನೆಲ್ಲಾ ನಿಮಗ ಕಲಿಸಿದವ್ರು ಯಾರ್ರಿ?” ಎಂದಳು. ಕುಹಕ ಇತ್ತೋ ಇಲ್ಲವೋ ಗೊತ್ತಿಲ್ಲ.

“ಬಾಜೂ ಮನಿಯವ್ರು” ಎಂದೆ.

ನಾಳೆ ಸಭೆ. ಕಾಲು ನೋಯುತ್ತವೆ, ಆದರೂ ಹೋಗುತ್ತೇನೆ. ಈ ವರ್ಷದ ಮೂವರಲ್ಲಿ ಮೆಂತ್ಯೆದವಳೂ ಒಬ್ಬಳು. ಅವಳಿಗೂ ಈಗ ವಯಸ್ಸಾಯಿತು. ನಿನ್ನೆ ಬಂದು, ‘ನಿಂಬೆಹಣ್ಣಿನವಳ ಮಾತು ಪೂರ್ತಿ ಕೇಳಿದೆ, ತಪ್ಪು ಅವಳದೂ ಒಂದಿಷ್ಟು ಇದೆ’ ಎಂದು ಹೇಳಿ ಹೋದಳು. ಇರಲಿ. ತಪ್ಪು ಇರಬಹುದು. ಯಾರ ಮುಂದೆ ಹೇಳಬೇಕಿತ್ತು ಎಂದು ಆ ಹುಡುಗಿ ನಮ್ಮನ್ನು ಕೇಳುವ ಪ್ರಸಂಗ ಬರಲಿಲ್ಲ.

ಈಗಷ್ಟೇ ಮಸಿಗೆ ಎರಡು ಹನಿ ನೀರು ಬಿಟ್ಟು, ನಾನು ಬರೆಯುತ್ತಿರುವ ಈ ಕಾಗದದ ಮೂಲೆಗೆ ಶಿಕ್ಕಾ ಒತ್ತಿ ನೋಡಿದೆ. ಅಕ್ಷರ ಸವೆದಿವೆ, ಆದರೂ ಬೀಳುತ್ತವೆ. ಕಚ್ಚಿನ ಮೇಲೆ ಹೆಬ್ಬೆರಳು ತಾನಾಗಿಯೇ ಹೋಗಿ ಕುಳಿತಿತು. ಇವತ್ತು ನನಗೆ ಕಚ್ಚು ಬೇಕಿಲ್ಲ, ಓದಲು ಬರುತ್ತದೆ. ಸಭೆಯಲ್ಲಿ ಆಡಬೇಕಾದ ಮಾತನ್ನು ಗೋಡೆಯ ಈಚೆ ಕುಳಿತು ಎರಡು ಸಲ ಗಟ್ಟಿಯಾಗಿ ಹೇಳಿ ನೋಡಿದೆ. ಆಚೆ ಈಗ ಬೇರೆಯವರಿದ್ದಾರೆ. ತಪ್ಪಿದ್ದರೆ ಕೆಮ್ಮುವವರು ಯಾರೂ ಇಲ್ಲ.